ಬರೆದಿಟ್ಟ ಹೊತ್ತಗೆಗೆ ಒಂದು ದಾರಿ

ಕೆಳದಿಯ ಅರಸು ಬಸವಪ್ಪನಾಯಕನು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವು ಸಂಸ್ಕೃತದ ಮಹಾಕೋಶಗಳಲ್ಲೊಂದು. ರಾಣಿ ಚೆನ್ನಮ್ಮಾಜಿಯ ದತ್ತುಪುತ್ರನಾದ ಈತನು 1697ರಿಂದ 1714ರವರೆಗೆ ರಾಜ್ಯವಾಳಿದನು. ಸೃಷ್ಟಿಕ್ರಮ, ರಾಜನೀತಿ, ವೈದ್ಯ, ಸಂಗೀತ, ಪಾಕಶಾಸ್ತ್ರ, ಕೆಳದಿ ವಂಶದ ಚರಿತ್ರೆ ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ಅದರ ವಿಷಯವ್ಯಾಪ್ತಿಯನ್ನು ವಿದ್ವಾಂಸರು ಸಾಕಷ್ಟು ಕೊಂಡಾಡಿದ್ದಾರೆ. ನಾವು ಇಲ್ಲಿ ಗಮನಿಸಬಯಸುವುದು ಅದರ ಅಂಗವಿನ್ಯಾಸವನ್ನು.

ರತ್ನಾಕರವೆಂದರೆ ಕಡಲು. ಆದುದರಿಂದ ಗ್ರಂಥದ ದೊಡ್ಡ ಭಾಗಗಳಿಗೆ ಕಲ್ಲೋಲಗಳೆಂದೂ ಅವುಗಳೊಳಗಿನ ಅಧ್ಯಾಯಗಳಿಗೆ ತರಂಗಗಳೆಂದೂ ಹೆಸರು. ಕಲ್ಲೋಲಗಳು 9, ತರಂಗಗಳು 108. ಹೆಬ್ಬಾಗ ಯಾವುದು, ಉಪಭಾಗ ಯಾವುದು ಎಂಬುದನ್ನು ಹೆಸರೇ ಹೇಳಿಬಿಡುತ್ತದೆ. ಅದಕ್ಕಿಂತಲೂ ಮುಖ್ಯವಾದುದು ಇನ್ನೊಂದಿದೆ: ಮಗನಾದ ಸೋಮಶೇಖರನು ಕೇಳುವನು, ತಂದೆಯು ಹೇಳುವನು. ತಾನು ಬಲ್ಲುದನ್ನು ನೆನಪಾದಂತೆ ಸುರಿಯುವುದು ಬೇರೆ, ಕೇಳುವವನಿಗೆ ಬೇಕಾದಂತೆ ಜೋಡಿಸುವುದು ಬೇರೆ. ಅರಸನು ಎರಡನೆಯದನ್ನು ಆರಿಸಿಕೊಂಡನು.

ಕೆಳದಿ ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿ, ಬಿದನೂರು ಹೊಸನಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. ಆ ಅರಸರು ಆಳಿದ ಈ ನೆಲದ ಮನೆಗಳಲ್ಲಿ ಹಿರಿಯರು ಬರೆದಿಟ್ಟ ಪುಸ್ತಕಗಳು ಇಂದಿಗೂ ಇವೆ. ವಂಶಾವಳಿಯ ಕೆಳಗೆ ಅಡಿಕೆಯ ಲೆಕ್ಕ, ಅದರ ಪಕ್ಕದಲ್ಲಿ ಕೆಮ್ಮಿನ ಕಷಾಯ, ನಡುವೆ ಸ್ವಾಮಿಗಳು ಪಾದಪೂಜೆಗೆ ಬಿಜಯಂಗೈದ ದಿನ, ಮತ್ತೆ ಯಾರದೋ ಸಾಲ! ಬರೆದವರಿಗೆ ಎಲ್ಲವೂ ಸ್ಪಷ್ಟ. ಮೊಮ್ಮಗಳು ತೆರೆದರೆ ನಾಲ್ಕನೆಯ ಪುಟದಲ್ಲಿಯೇ ದಾರಿ ತಪ್ಪುವಳು. ಅಲ್ಲಿಗೆ ಪುಸ್ತಕವು ಅಟ್ಟ ಸೇರಿತೆಂದೇ ತಿಳಿಯಬೇಕು.

ಹಿಂದಿನ ಲಿಪಿಕಾರರು ಈ ವಿಷಯದಲ್ಲಿ ಬಹು ಎಚ್ಚರದವರು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಪ್ರತಿಗಳಿವೆ, ಮಕ್ಕಳನ್ನು ಕರೆದೊಯ್ದು ತೋರಿಸಿರಿ. ಇಂತಹ ಪ್ರತಿಗಳಲ್ಲಿ ದಾರ ಪೋಣಿಸುವ ರಂಧ್ರದ ಸುತ್ತ ಅಕ್ಷರ ಬರೆಯದೆ ಜಾಗ ಬಿಡುವುದು ರೂಢಿ; ದಾರವು ಉಜ್ಜಿದರೂ ಬರಹ ಅಳಿಯದು. ಅಂಚಿನಲ್ಲಿ ಗರಿಯ ಸಂಖ್ಯೆ ಇರುವುದರಿಂದ ದಾರ ಕಳಚಿ ಗರಿಗಳು ಚೆದುರಿದರೂ ಮತ್ತೆ ಜೋಡಿಸಬಹುದು. ಅಧ್ಯಾಯ ಮುಗಿದಲ್ಲಿ ಯಾವ ಗ್ರಂಥದ ಎಷ್ಟನೆಯ ಅಧ್ಯಾಯ ಮುಗಿಯಿತೆಂದು ಹೇಳುವ ಮಾತು ಬರುತ್ತದೆ.

ನಮ್ಮ ಶರಣರ ಅಂಕಿತವೂ ಒಂದು ಗುರುತೇ ಅಲ್ಲವೇ? ವಚನವೊಂದು ಎಲ್ಲಿ ದೊರೆತರೂ ಕೂಡಲಸಂಗಮದೇವನ ಹೆಸರಿದ್ದರೆ ಬಸವಣ್ಣನವರದು, ಗುಹೇಶ್ವರನ ಹೆಸರಿದ್ದರೆ ಅಲ್ಲಮಪ್ರಭುಗಳದು. ಹೀಗೆ ಉಳಿದುಬಂದ ವಚನಗಳನ್ನು ಫ.ಗು. ಹಳಕಟ್ಟಿಯವರು 1923ರ ‘ವಚನಶಾಸ್ತ್ರಸಾರ’ದಲ್ಲಿ ವಿಷಯಕ್ಕನುಗುಣವಾಗಿ ವಿಂಗಡಿಸಿಕೊಟ್ಟರು. ಚೆದುರಿದ್ದ ವಚನರಾಶಿಯಲ್ಲಿ ಸಾಮಾನ್ಯ ಓದುಗನಿಗೆ ಅದರಿಂದ ದಾರಿ ಕಂಡಿತು.

ಮನೆಯ ಪುಸ್ತಕಕ್ಕೆ ಇಷ್ಟೆಲ್ಲ ಏಕೆ ಎನ್ನಬೇಡಿರಿ. ಮೊದಲು ಪುಟಗಳಿಗೆ ಸಂಖ್ಯೆ ಹಾಕಿರಿ; ಆರಂಭದಲ್ಲಿ ನಾಲ್ಕು ಪುಟ ಖಾಲಿ ಬಿಟ್ಟು ಅಲ್ಲಿ ವಿಷಯಸೂಚಿಯನ್ನು ಬೆಳೆಸುತ್ತ ಹೋಗಿರಿ. ವಂಶ, ಭೂಮಿ, ಔಷಧ, ಅಡುಗೆ, ಗುರುಮಠ ಎಂದು ಐದಾರು ಭಾಗಗಳು ಸಾಕು, ಇಪ್ಪತ್ತು ಮಾಡಿದರೆ ಸೂಚಿಗೇ ಮತ್ತೊಂದು ಸೂಚಿ ಬೇಕಾದೀತು. ಪ್ರತಿ ಬರಹಕ್ಕೂ ತಲೆಬರಹ, ವರ್ಷ, ಬರೆದವರ ಹೆಸರು ಇರಲಿ. ಒಂದೆಡೆ ಹೇಳಿದ್ದಕ್ಕೆ ಇನ್ನೊಂದೆಡೆ ಸಂಬಂಧವಿದ್ದರೆ ಆ ಪುಟದ ಸಂಖ್ಯೆಯನ್ನು ಅಂಚಿನಲ್ಲಿ ಬರೆಯಿರಿ. ಗಣಕಯಂತ್ರದಲ್ಲಿ ಬರೆದಿಡುವ ಯುವಕರಿಗೂ ಇದೇ ಮಾತು. ಬಣ್ಣ, ಚಿತ್ರ, ಹೂಬಳ್ಳಿಗಳ ಮೇಲೆ ಅವರಿಗಿರುವ ಪ್ರೀತಿಯಲ್ಲಿ ಕಾಲುಭಾಗ ವಿಷಯಸೂಚಿಯ ಮೇಲಿದ್ದರೆ ನಮಗೆ ಸಂತೋಷ.

ಈ ಕೆಲಸವನ್ನು ಮುಂದೂಡಬಾರದೆನ್ನಲು ಕಾರಣವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಶರಾವತಿಯ ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಅಲ್ಲಿಂದ ಬಂದ ಮನೆಗಳ ಹಳೆಯ ಪುಸ್ತಕದಲ್ಲಿ ಗದ್ದೆಯೊಂದರ ಹೆಸರಷ್ಟೇ ಇರುತ್ತದೆ. ಅದು ಯಾವ ಊರಿನದು, ಯಾರ ಪಾಲಿನದು ಎಂಬುದು ಬರೆದಿರುವುದಿಲ್ಲ. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೋಮಶೇಖರನಂತೆ ಒಂದೊಂದಾಗಿ ಕೇಳಿ, ಆ ಹೆಸರುಗಳ ಮುಂದೆ ಊರನ್ನು ಬರೆದುಕೊಳ್ಳಬೇಕು.