ಟ್ರಿಗರ್ ಕೈಕೊಟ್ಟರೆ ಮೊದಲು ಬೆರಳನ್ನೇ ಅನುಮಾನಿಸೋದ್ಯಾಕೆ?

ಹೂವಿನಹಡಗಲಿ ತಾಲೂಕಿನ ಮಾಗಳ ತುಂಗಭದ್ರೆಯ ದಂಡೆಯ ಮೇಲಿರುವ ಊರು. ಇಂಥ ಊರುಗಳಲ್ಲಿ ನಸುಕಿನಲ್ಲೇ ಎದ್ದು ರಸ್ತೆಯ ಮೇಲೆ ಓಡುವ ಹುಡುಗರನ್ನು ಕೇಳಿ ನೋಡಿ. ಒಬ್ಬನಿಗೆ ಅಗ್ನಿವೀರನಾಗಬೇಕು, ಇನ್ನೊಬ್ಬನಿಗೆ ಸಿಆರ್‌ಪಿಎಫ್, ಮತ್ತೊಬ್ಬನಿಗೆ ನಮ್ಮದೇ ಪೊಲೀಸ್ ಪೇದೆ ಕೆಲಸ. 1.6 ಕಿಲೋಮೀಟರ್ ಓಟ, ಎತ್ತರ, ಎದೆಸುತ್ತಳತೆ, ಕಣ್ಣು, ಹಲ್ಲು, ಎಲ್ಲದಕ್ಕೂ ಪರೀಕ್ಷೆ ಇದೆ. ಆದರೆ ನಾಳೆ ಆ ಹುಡುಗನ ಕೈಗೆ ಕೊಡುವ ರೈಫಲ್ ಯಾವ ಪರೀಕ್ಷೆ ಪಾಸಾಗಿದೆ? ಅದು ಕೈಕೊಟ್ಟರೆ ತಪ್ಪು ಯಾರದ್ದು ಅಂತ ತೀರ್ಮಾನ ಮಾಡೋರು ಯಾರು?

ಇದು ಬರೀ ಮೆಕ್ಯಾನಿಕ್‌ನ ಪ್ರಶ್ನೆ ಅಲ್ಲ, ರಾಜಕೀಯದ ಪ್ರಶ್ನೆ ಕೂಡ. ಆದರೆ ರಾಜಕೀಯ ಅರ್ಥವಾಗಬೇಕಾದರೆ ಮೊದಲು ಮೆಕ್ಯಾನಿಕ್‌ನ ಕೆಲಸವನ್ನೇ ಸ್ವಲ್ಪ ನೋಡಬೇಕು.

ಒಳಗೆ ನಡೆಯೋದೇನು?

ಸೆಮಿ-ಆಟೊಮ್ಯಾಟಿಕ್ ಅಂದರೆ ಒಂದು ಸಲ ಎಳೆದರೆ ಒಂದೇ ಗುಂಡು. ಮುಂದಿನ ಗುಂಡನ್ನು ರೈಫಲ್ ತಾನೇ ತುಂಬಿಕೊಳ್ಳುತ್ತೆ. ನಮ್ಮ ಪೊಲೀಸರ ಹೆಗಲಲ್ಲಿ ದಶಕಗಳಿಂದ ಕಾಣುವ ಎಸ್‌ಎಲ್‌ಆರ್ ಈ ಜಾತಿಯದ್ದು. ‘ಸೆಲ್ಫ್ ಲೋಡಿಂಗ್ ರೈಫಲ್’ ಅನ್ನೋ ಹೆಸರಲ್ಲೇ ಅದರ ಕೆಲಸ ಇದೆ.

ಟ್ರಿಗರ್ ಎಳೆದಾಗ ಒಳಗಿನ ಒಂದು ಕೊಂಡಿ ಕಳಚುತ್ತೆ. ಅದಕ್ಕೆ ಸಿಯರ್ ಅಂತಾರೆ. ಸ್ಪ್ರಿಂಗಿನ ಬಲದಲ್ಲಿ ಕಾದು ಕೂತಿದ್ದ ಹ್ಯಾಮರ್ ಬಿಡುಗಡೆಯಾಗಿ ಫೈರಿಂಗ್ ಪಿನ್ನಿಗೆ ಹೊಡೆಯುತ್ತೆ, ಪಿನ್ನು ಕಾಡತೂಸಿನ ತಳಕ್ಕೆ ಕುಟ್ಟುತ್ತೆ, ಮದ್ದು ಉರಿಯುತ್ತೆ. ಅದೇ ಅನಿಲದ ಒತ್ತಡ ಬೋಲ್ಟನ್ನು ಹಿಂದಕ್ಕೆ ತಳ್ಳಿ ಖಾಲಿ ಕಾಡತೂಸು ಎಸೆದು, ಹ್ಯಾಮರನ್ನು ಮತ್ತೆ ಹಿಂದಕ್ಕೆ ಒತ್ತುತ್ತೆ. ಬೆರಳು ಇನ್ನೂ ಟ್ರಿಗರ್ ಮೇಲೇ ಇದ್ದರೂ ಹ್ಯಾಮರ್ ಮತ್ತೆ ಬೀಳದಂತೆ ಇನ್ನೊಂದು ಭಾಗ ತಡೆಯುತ್ತೆ. ಬೆರಳು ಬಿಟ್ಟಾಗ ಮಾತ್ರ ಮುಂದಿನ ಸುತ್ತಿಗೆ ರೈಫಲ್ ತಯಾರು. ಇಡೀ ಶಿಸ್ತು ನಿಂತಿರೋದು ಉಗುರಿಗಿಂತ ಚಿಕ್ಕದಾದ ಒಂದೆರಡು ಉಕ್ಕಿನ ಅಂಚುಗಳ ಮೇಲೆ.

ಹಾಗಾಗಿ ಟ್ರಿಗರ್ ಕಾಯಿಲೆಗಳು ನಾಲ್ಕೇ. ಒಂದು, ‘ಟಿಕ್’ ಅನ್ನುತ್ತೆ, ಗುಂಡು ಹಾರಲ್ಲ. ಎರಡು, ಟಿಕ್ ಕೂಡ ಅನ್ನಲ್ಲ, ಟ್ರಿಗರ್ ಸತ್ತಂತೆ ಬಿದ್ದಿರುತ್ತೆ. ಮೂರು, ಒಂದು ಎಳೆತಕ್ಕೆ ಒಂದಕ್ಕಿಂತ ಹೆಚ್ಚು ಗುಂಡು ಹಾರುತ್ತೆ. ನಾಲ್ಕು, ಯಾರೂ ಎಳೆಯದೆ, ಕೆಳಗೆ ಬಿದ್ದಾಗಲೋ ಬಡಿದಾಗಲೋ ಹಾರುತ್ತೆ. ಮೊದಲೆರಡರಿಂದ ಹಿಡಿದವನ ಜೀವಕ್ಕೆ ಅಪಾಯ, ಉಳಿದೆರಡರಿಂದ ಪಕ್ಕದಲ್ಲಿದ್ದವನ ಜೀವಕ್ಕೂ.

ಹೊಸ ರೈಫಲ್ಲಿಗೆ ಕಾಯಿಲೆ ಬರಲ್ಲ ಅಂತಿಲ್ಲ. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಬಳಿದ ದಪ್ಪ ಗ್ರೀಸು ಪೂರ್ತಿ ತೆಗೆಯದೆ ಉಳಿದಿರಬಹುದು. ಬಿಡಿಭಾಗದ ಅಂಚಲ್ಲಿ ಉಕ್ಕಿನ ಸಿಬಿರು ಇರಬಹುದು. ಸ್ಪ್ರಿಂಗ್ ಸಡಿಲ ಇರಬಹುದು. ಸಿಯರಿನ ಉಕ್ಕನ್ನು ಸರಿಯಾಗಿ ಹದ ಮಾಡದಿದ್ದರೆ ಕೆಲವೇ ಸಾವಿರ ಸುತ್ತಿಗೆ ಅಂಚು ಸವೆದು ಹೋಗಬಹುದು.

ಹೊಲದ ಮೋಟಾರಿನ ಪಾಠ

ಬೋರ್‌ವೆಲ್ ಮೋಟಾರು ನೀರೆತ್ತದಿದ್ದರೆ ನಮ್ಮ ರೈತರು ಏನು ಮಾಡ್ತಾರೆ? ಮೊದಲು ಕರೆಂಟ್ ಇದೆಯಾ ನೋಡ್ತಾರೆ, ಆಮೇಲೆ ಫ್ಯೂಸು, ಆಮೇಲೆ ಸ್ಟಾರ್ಟರ್. ಕೊನೆಗಷ್ಟೇ ಮೋಟಾರು ಎತ್ತಿಸ್ತಾರೆ. ‘ಬಟನ್ ಒತ್ತಿದ ಬೆರಳೇ ಸರಿಯಿಲ್ಲ’ ಅಂತ ಯಾರೂ ಶುರು ಮಾಡಲ್ಲ.

ರೈಫಲ್ ಪತ್ತೆಕಾರ್ಯವೂ ಹೀಗೇ. ನಳಿಗೆ ಸುರಕ್ಷಿತ ದಿಕ್ಕಿಗೇ ಇರಬೇಕು. ಗುಂಡು ಹಾರದಿದ್ದರೆ ತಕ್ಷಣ ಬಿಚ್ಚದೆ ಸ್ವಲ್ಪ ಕಾಯಬೇಕು, ಯಾಕಂದರೆ ಮದ್ದು ತಡವಾಗಿಯೂ ಉರಿಯಬಹುದು. ಆಮೇಲೆ ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಮಾಡಿ ಕಣ್ಣಾರೆ ನೋಡಬೇಕು. ನಂತರ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು: ಅದೇ ರೈಫಲ್ಲಿಗೆ ಬೇರೆ ಲಾಟಿನ ಕಾಡತೂಸು, ಅದೇ ಕಾಡತೂಸು ಬೇರೆ ರೈಫಲ್ಲಿಗೆ. ಹಾರದ ಕಾಡತೂಸಿನ ತಳದಲ್ಲಿ ಪಿನ್ನಿನ ಗುರುತು ಆಳವಾಗಿದ್ದರೆ ಅನುಮಾನ ಕಾಡತೂಸಿನ ಮೇಲೆ, ತೆಳುವಾಗಿದ್ದರೆ ಹ್ಯಾಮರ್ ಸ್ಪ್ರಿಂಗ್ ಅಥವಾ ಪಿನ್ನಿನ ಮೇಲೆ. ಇಷ್ಟಾದ ಮೇಲೂ ತೊಂದರೆ ಉಳಿದರೆ ಟ್ರಿಗರ್ ಬಿಚ್ಚಬೇಕಾದವನು ತರಬೇತಿ ಪಡೆದ ಆರ್ಮರರ್. ಸಿಯರ್ ಉಜ್ಜಿ ಸರಿ ಮಾಡ್ತೀನಿ ಅಂತ ಬೇರೆಯವರು ಕೈ ಹಾಕಿದರೆ ಒಂದನೇ ಕಾಯಿಲೆ ನಾಲ್ಕನೇದಾಗುತ್ತೆ.

ಒಂದು ಉದಾಹರಣೆ ನೋಡಿ. 2019ರ ಆಗಸ್ಟ್‌ನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆ ಸುಪೌಲ್ ಜಿಲ್ಲೆಯಲ್ಲಿ ಸರ್ಕಾರಿ ಗೌರವದೊಂದಿಗೆ ನಡೆಯಿತು. ಮುಖ್ಯಮಂತ್ರಿ ನಿತೀಶ್ ಕುಮಾರ್ ಎದುರೇ ಕುಶಾಲತೋಪು ಹಾರಿಸಲು ನಿಂತ ಪೊಲೀಸರ 22 ರೈಫಲ್‌ಗಳಲ್ಲಿ ಒಂದೂ ಹಾರಲಿಲ್ಲ. ದೇಶವೆಲ್ಲ ನಕ್ಕಿತು. ಆದರೆ ಯೋಚಿಸಿ: 22 ಟ್ರಿಗರ್ ಒಂದೇ ದಿನ, ಒಂದೇ ಕ್ಷಣ ಕೆಡುವ ಸಾಧ್ಯತೆ ಎಷ್ಟು? ಒಂದು ರೈಫಲ್ ಕೈಕೊಟ್ಟರೆ ಆ ರೈಫಲ್ ನೋಡಿ. ಎಲ್ಲವೂ ಒಟ್ಟಿಗೆ ಕೈಕೊಟ್ಟರೆ ಎಲ್ಲಕ್ಕೂ ಸಮಾನವಾದದ್ದನ್ನು ನೋಡಿ: ಕಾಡತೂಸು, ಅದರ ದಾಸ್ತಾನು, ಖರೀದಿ, ತಪಾಸಣೆ. ಇವು ಪೇದೆಯ ಬೆರಳಿಗೆ ಸಂಬಂಧಿಸಿದ್ದಲ್ಲ, ಕಚೇರಿಯ ಕಡತಗಳಿಗೆ ಸಂಬಂಧಿಸಿದ್ದು.

ಮೂರಕ್ಕೆ ನಿಲ್ಲದ ರೈಫಲ್

ನಮ್ಮದೇ ಇನ್ಸಾಸ್ ಕಥೆ ಇನ್ನೂ ಗಂಭೀರ. ಪುಣೆಯಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಎಆರ್‌ಡಿಇ ಇದನ್ನು ವಿನ್ಯಾಸ ಮಾಡಿತು. 1990ರ ದಶಕದ ಕೊನೆಗೆ ಸೈನಿಕರ ಕೈಗೆ ಬಂತು. ಒಂದೊಂದೇ ಗುಂಡು, ಇಲ್ಲವೇ ಒಂದು ಎಳೆತಕ್ಕೆ ಮೂರು, ಇದು ಅದರ ವಿಶೇಷ. 1999ರಲ್ಲಿ ಕಾರ್ಗಿಲ್ ಬಂತು. ಚಳಿಗೆ ಮ್ಯಾಗಜಿನ್ ಬಿರುಕು ಬಿಡುತ್ತೆ, ರೈಫಲ್ ಜಾಮ್ ಆಗುತ್ತೆ ಅಂತ ದೂರು ಬಂದವು. ಜೊತೆಗೆ, ಮೂರಕ್ಕೆ ನಿಲ್ಲಬೇಕಾದದ್ದು ನಿಲ್ಲದೆ ಪೂರ್ತಿ ಆಟೊಮ್ಯಾಟಿಕ್ ಆಗಿ ಹಾರುತ್ತೆ ಅನ್ನೋ ದೂರೂ ಬಂತು. ಅಂದರೆ ನಮ್ಮ ಪಟ್ಟಿಯ ಮೂರನೇ ಕಾಯಿಲೆ, ಅದೂ ಯುದ್ಧಭೂಮಿಯಲ್ಲಿ.

2005ರ ಆಗಸ್ಟ್‌ನಲ್ಲಿ ನೇಪಾಳದಲ್ಲಿ ಮಾವೋವಾದಿಗಳ ಜೊತೆಗಿನ ಕಾಳಗದಲ್ಲಿ 43 ಸೈನಿಕರು ಸತ್ತರು. ಭಾರತ ಕೊಟ್ಟ ಇನ್ಸಾಸ್ ಕಳಪೆ, ಹೋರಾಟದ ನಡುವೆ ಕೈಕೊಟ್ಟಿತು ಎಂದಿತು ನೇಪಾಳ ಸೇನೆ. ಬಳಸಿದ ರೀತಿ ಸರಿಯಿಲ್ಲ, ಬೇಕಿದ್ದರೆ ತರಬೇತಿ ಕೊಡ್ತೀವಿ ಅನ್ನೋದು ಭಾರತದ ಕಡೆಯ ಉತ್ತರವಾಗಿತ್ತು. ಅಂದರೆ, ಬೆರಳೇ ಸರಿಯಿಲ್ಲ!

ಈ ಉತ್ತರ ನಮ್ಮ ದೇಶದ್ದಷ್ಟೇ ಅಲ್ಲ. ವಿಯೆಟ್ನಾಂ ಯುದ್ಧದಲ್ಲಿ ಹೊಸ ಎಂ-16 ಜಾಮ್ ಆಗಿ ಅಮೆರಿಕದ ಹುಡುಗರು ಸತ್ತಾಗಲೂ ‘ಸರಿಯಾಗಿ ಒರೆಸಿಲ್ಲ’ ಅಂತಲೇ ಮೊದಲು ಹೇಳಿದ್ದು. ಆದರೆ ಅಲ್ಲಿ 1967ರಲ್ಲಿ ಸಂಸತ್ತಿನ ಇಕಾರ್ಡ್ ಉಪಸಮಿತಿ ವಿಚಾರಣೆಗೆ ಕೂತಿತು. ಸಾಕಷ್ಟು ಪರೀಕ್ಷೆ ಇಲ್ಲದೆ ಕಾಡತೂಸಿನ ಮದ್ದನ್ನೇ ಬದಲಿಸಲಾಗಿತ್ತು, ಒರೆಸುವ ಸಾಮಾನೂ ಸಾಲುವಷ್ಟು ಕೊಟ್ಟಿರಲಿಲ್ಲ ಅನ್ನೋದು ಹೊರಬಿತ್ತು. ಸೈನಿಕ ಕೊಳಕು ರೈಫಲ್ ಹಿಡಿದಿದ್ದು ನಿಜ. ಅದನ್ನು ಕೊಳಕು ಮಾಡಿದ್ದು ಮೇಲಿನವರ ನಿರ್ಧಾರ.

ರಿಜಿಸ್ಟರ್ ಯಾರ ಹತ್ತಿರ ಇದೆ?

ಸರಿಯಾದ ದಾರಿ ನಮಗೂ ಗೊತ್ತಿದೆ. 2017ರಲ್ಲಿ ಇಶಾಪುರದ ಕಾರ್ಖಾನೆಯ 7.62 ಎಂಎಂ ರೈಫಲನ್ನು ಸೇನೆ ಪರೀಕ್ಷೆಯಲ್ಲೇ ತಿರಸ್ಕರಿಸಿತು. ದೋಷಗಳು ಮಿತಿಗಿಂತ ತುಂಬಾ ಹೆಚ್ಚಿದ್ದವು. ಇದನ್ನು ಸ್ವದೇಶಿಗೆ ಅವಮಾನ ಅಂತ ನೋಡಿದವರಿದ್ದಾರೆ. ನಿಜ ಹೇಳಬೇಕೆಂದರೆ ಅದೇ ಗೌರವ. ದೋಷ ಸಿಕ್ಕಿದ್ದು ಮೈದಾನದಲ್ಲಿ, ಹುಡುಗನ ಕೈಯಲ್ಲಲ್ಲ.

ಈಗ ಅಮೇಠಿಯ ಕೊರ್ವಾದಲ್ಲಿ ರಷ್ಯಾ ಸಹಯೋಗದ ಎಕೆ-203 ತಯಾರಾಗ್ತಿದೆ. 2021ರ ಡಿಸೆಂಬರ್ ಒಪ್ಪಂದದ ಪ್ರಕಾರ 6 ಲಕ್ಷಕ್ಕೂ ಹೆಚ್ಚು ರೈಫಲ್. ಇವು ಚೆನ್ನಾಗಿರಲಿ ಅನ್ನೋದೇ ಎಲ್ಲರ ಆಸೆ. ಆದರೆ ಎಷ್ಟು ಸುತ್ತಿಗೆ ಎಷ್ಟು ಸಲ ನಿಂತಿತು, ಯಾವ ಬಿಡಿಭಾಗ ಸವೆಯಿತು ಅನ್ನೋ ಲೆಕ್ಕ ಕೇಳೋದು ಎಲ್ಲಿ? ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಂ ಅಡಿ ಡಿಆರ್‌ಡಿಒ, ಸಿಆರ್‌ಪಿಎಫ್, ಬಿಎಸ್‌ಎಫ್ ವಿನಾಯಿತಿ ಪಟ್ಟಿಯಲ್ಲಿವೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆ ಮಾತ್ರ ಇದಕ್ಕೆ ಹೊರತು. ಸೇನೆ ಆ ಪಟ್ಟಿಯಲ್ಲಿಲ್ಲ, ಆದರೆ ಅಲ್ಲಿ ‘ದೇಶದ ಭದ್ರತೆ’ ಅನ್ನೋ ಇನ್ನೊಂದು ಬಾಗಿಲಿದೆ.

ರೈಫಲ್ ಎಲ್ಲಿದೆ, ಎಷ್ಟಿದೆ ಅನ್ನೋದು ಗುಟ್ಟಾಗಿರಲಿ, ತಕರಾರಿಲ್ಲ. ಸಿಯರ್ ಸವೆದಿದೆ ಅನ್ನೋದು ಯಾಕೆ ಗುಟ್ಟು? ಎದುರಾಳಿಗೆ ಅದು ಗೊತ್ತಾಗುವ ಮುಂಚೆ ನಮ್ಮ ಹುಡುಗನಿಗೇ ಅದು ಗೊತ್ತಾಗಿರುತ್ತೆ, ಟ್ರಿಗರ್ ಎಳೆದ ಕ್ಷಣದಲ್ಲಿ.

ಹಾಗಾಗಿ ಕೇಳಬೇಕಾದ್ದು ಇಷ್ಟೇ. ಪ್ರತಿ ದೋಷಕ್ಕೂ ಲಿಖಿತ ದಾಖಲೆ ಇರಲಿ, ದೂರು ಕೊಟ್ಟ ಜವಾನನಿಗೆ ಶಿಕ್ಷೆ ಆಗದಿರಲಿ, ತನಿಖೆ ಮಾಡುವವರು ತಯಾರಕರೇ ಆಗದಿರಲಿ, ಅದರ ಸಾರಾಂಶ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮುಂದೆ ಬರಲಿ. ರಾಜ್ಯದ ಪೊಲೀಸರ ಹಳೆಯ ರೈಫಲ್‌ಗಳ ಬಗ್ಗೆ ವಿಧಾನಸಭೆಯಲ್ಲಿ ನಮ್ಮ ಶಾಸಕರೂ ಒಂದು ಪ್ರಶ್ನೆ ಹಾಕಬಹುದು.

ಸೈನಿಕನ ಫೋಟೋ ಸ್ಟೇಟಸ್ ಹಾಕೋದು ಸುಲಭ. ಅವನ ದೂರನ್ನು ನಂಬೋದು ಕಷ್ಟ. ಮಾಗಳದ ಹುಡುಗ ಓಟದಲ್ಲಿ ಒಂದು ಸೆಕೆಂಡ್ ಹಿಂದೆ ಬಿದ್ದರೂ ಫೇಲ್ ಮಾಡುವ ವ್ಯವಸ್ಥೆ, ಅವನಿಗೆ ಕೊಡುವ ರೈಫಲ್ಲಿನ ಮೇಲೂ ಅಷ್ಟೇ ಕಟ್ಟುನಿಟ್ಟಾಗಿರಲಿ.