ರೋವನ್: ಎಲ್ಲೆಡೆ ಕಾಣುವ ಮರ, ಅಳಿವಿನಂಚಿನಲ್ಲಿ ಸಂತತಿ

ಅಂಗಡಿಯಲ್ಲಿ ಕೊಳ್ಳುವ ಕೇಕ್, ಜಾಮ್ ಅಥವಾ ಬ್ರೆಡ್ ಪೊಟ್ಟಣದ ಮೇಲೆ ಸಂರಕ್ಷಕದ ಸಾಲಿನಲ್ಲಿ ‘ಐಎನ್‌ಎಸ್ 202’ ಎಂಬ ಸಂಕೇತ ಹಲವು ಬಾರಿ ಕಾಣಸಿಗುತ್ತದೆ. ಬೂಷ್ಟು ಬೆಳೆಯದಂತೆ ತಡೆಯುವ ಪೊಟ್ಯಾಶಿಯಂ ಸೋರ್ಬೇಟ್ ಎಂಬ ಲವಣದ ಗುರುತು ಅದು. ಆ ಲವಣಕ್ಕೆ ಹೆಸರು ಬಂದಿರುವುದು ಯುರೋಪಿನ ಬೆಟ್ಟಗಾಡಿನ ರೋವನ್ ಮರದಿಂದ.

ರೋವನ್‌ನ ಸಸ್ಯಶಾಸ್ತ್ರೀಯ ನಾಮ ಸೋರ್ಬಸ್ ಆಕ್ಯುಪೇರಿಯಾ. ಹಿಂದೆ ಇದರ ಕೆಂಪು ಹಣ್ಣುಗಳನ್ನು ಹಕ್ಕಿ ಹಿಡಿಯಲು ಆಮಿಷವಾಗಿ ಒಡ್ಡುತ್ತಿದ್ದುದರಿಂದ, ಹಕ್ಕಿ ಹಿಡಿಯುವುದು ಎಂಬ ಅರ್ಥದ ಲ್ಯಾಟಿನ್ ಪದ ಹೆಸರಿನಲ್ಲಿ ಸೇರಿಕೊಂಡಿದೆ. ಎಲೆಗಳು ಬೇವಿನ ಎಲೆಯಂತೆ ಕಡ್ಡಿಯ ಎರಡೂ ಬದಿಗೆ ಜೋಡಿಯಾಗಿದ್ದು, ಅಂಚು ಗರಗಸದಂತಿರುತ್ತದೆ. ಎಲೆಯ ಹೋಲಿಕೆಯಿಂದಾಗಿ ಇಂಗ್ಲಿಷರು ಇದನ್ನು ‘ಮೌಂಟನ್ ಆ್ಯಶ್’ ಎಂದೂ ಕರೆದರು. ಆದರೆ ನಿಜವಾದ ಆ್ಯಶ್ ಮರ ಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದು. ರೋವನ್ ಗುಲಾಬಿ, ಸೇಬುಗಳ ಬಂಧು.

ಹಣ್ಣಿನಿಂದ ಪ್ರಯೋಗಾಲಯಕ್ಕೆ

ರೋವನ್‌ನ ಹಸಿ ಹಣ್ಣು ಕಹಿ ಹಾಗೂ ಒಗರು. ಹಾಗೆಯೇ ತಿಂದರೆ ಹೊಟ್ಟೆ ಕೆಡಬಹುದು. ಆದ್ದರಿಂದ ಅದನ್ನು ಬೇಯಿಸಿ ಜೆಲ್ಲಿ ಮಾಡುವುದು ರೂಢಿ. 1859ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಆಗಸ್ಟ್ ಹಾಫ್‌ಮನ್ ಈ ಹಣ್ಣಿನ ಎಣ್ಣೆಯಿಂದ ಸೋರ್ಬಿಕ್ ಆಮ್ಲವನ್ನು ಪಡೆದರು. 1872ರಲ್ಲಿ ಫ್ರಾನ್ಸಿನ ಬೂಸಿಂಗೊ ಇದೇ ಹಣ್ಣಿನಲ್ಲಿ ಸೋರ್ಬಿಟಾಲ್ ಎಂಬ ಸಿಹಿ ಪದಾರ್ಥವನ್ನು ಗುರುತಿಸಿದರು. ಸಕ್ಕರೆರಹಿತ ಚೂಯಿಂಗ್ ಗಮ್ ಮತ್ತು ಟೂತ್‌ಪೇಸ್ಟ್‌ಗಳಲ್ಲಿ ಇಂದು ಬಳಕೆಯಾಗುವುದು ಇದೇ. ಈಗ ಎರಡನ್ನೂ ಕಾರ್ಖಾನೆಗಳಲ್ಲೇ ತಯಾರಿಸಲಾಗುತ್ತದೆ. ಮರದಿಂದ ಉಳಿದಿರುವುದು ಹೆಸರು ಮಾತ್ರ.

ಒಂದು ದ್ವೀಪ, ಮೂರು ಪ್ರಭೇದ

ರೋವನ್ ಯುರೋಪಿನಲ್ಲಿ ಸರ್ವೇಸಾಮಾನ್ಯ. ಅದರ ಬಂಧುಗಳು ಭಾರತದಲ್ಲೂ ಇವೆ. ಪಶ್ಚಿಮ ಹಿಮಾಲಯದ ಕಾಶ್ಮೀರಿ ರೋವನ್ ಬಿಳಿಯ ಹಣ್ಣು ಬಿಡುತ್ತದೆ. ಆದರೆ ರೋವನ್‌ನದೇ ಸಂತತಿಯ ಕೆಲವು ಮರಗಳು ಜಗತ್ತಿನ ಅತಿ ವಿರಳ ಮರಗಳ ಸಾಲಿನಲ್ಲಿವೆ. ಸ್ಕಾಟ್ಲೆಂಡಿನ ಅರಾನ್ ದ್ವೀಪದ ವೈಟ್‌ಬೀಮ್‌ಗಳು ಇದಕ್ಕೆ ನಿದರ್ಶನ.

ಇಲ್ಲಿ ರೋವನ್ ಮರವು ಬಂಡೆಗಳ ಮೇಲೆ ಬೆಳೆಯುವ ವೈಟ್‌ಬೀಮ್ ಎಂಬ ಬಂಧುವಿನೊಂದಿಗೆ ಸಂಕರಗೊಂಡು ಅರಾನ್ ವೈಟ್‌ಬೀಮ್ ಹುಟ್ಟಿತು. ಆ ಮರ ಮತ್ತೆ ರೋವನ್‌ನೊಂದಿಗೆ ಕೂಡಿ ಎರಡನೆಯ ಪ್ರಭೇದ, ಅದು ಮತ್ತೊಮ್ಮೆ ರೋವನ್‌ನೊಂದಿಗೆ ಕೂಡಿ ಮೂರನೆಯ ಪ್ರಭೇದ ಮೂಡಿತು. ಸಾಮಾನ್ಯವಾಗಿ ಸಂಕರ ಸಸ್ಯಗಳ ಪೀಳಿಗೆ ಮುಂದುವರಿಯುವುದು ಕಷ್ಟ. ಆದರೆ ಈ ಮರಗಳು ಬಹುಪಾಲು ಗಂಡು-ಹೆಣ್ಣಿನ ಅಂಶಗಳು ಕೂಡದೆಯೇ ಬೀಜ ಕಟ್ಟಬಲ್ಲವು. ಹಾಗೆ ಹುಟ್ಟಿದ ಸಸಿ ತಾಯಿಮರದ ಪಡಿಯಚ್ಚು.

ಪ್ರಭೇದವನ್ನು ಉಳಿಸಿದ ಈ ಗುಣವೇ ಅದರ ದೌರ್ಬಲ್ಯವೂ ಹೌದು. ಮರಗಳೆಲ್ಲ ಬಹುತೇಕ ಒಂದೇ ರೀತಿಯವಾದ್ದರಿಂದ, ಒಂದನ್ನು ಬಲಿ ತೆಗೆದುಕೊಳ್ಳುವ ರೋಗ ಉಳಿದವನ್ನೂ ಬಿಡಲಾರದು. ಮೇಲಾಗಿ ಜಿಂಕೆ, ಕುರಿಗಳು ಎಳೆಯ ಸಸಿಗಳನ್ನು ಮೇಯ್ದುಬಿಡುತ್ತವೆ. ಹೀಗಾಗಿ ಪ್ರಾಣಿಗಳಿಗೆ ಎಟುಕದ ಹಳ್ಳದ ಕಡಿದಾದ ದಂಡೆಗಳಲ್ಲಷ್ಟೇ ಮರಗಳು ಉಳಿದಿವೆ. 1980ರ ಎಣಿಕೆಯಲ್ಲಿ ಮೊದಲ ಪ್ರಭೇದದ 283, ಎರಡನೆಯದರ 236 ಬಲಿತ ಮರಗಳು ಸಿಕ್ಕಿದ್ದವು. ಮೂರನೆಯದಾದ ಕ್ಯಾಟಕಾಲ್ ವೈಟ್‌ಬೀಮ್ ಹೊಸ ಪ್ರಭೇದವೆಂದು 2007ರಲ್ಲಿ ಖಚಿತವಾದಾಗ, ಪತ್ತೆಯಾಗಿದ್ದ ಮರಗಳು ಎರಡೇ. ಅವುಗಳಲ್ಲೊಂದು ಜಿಂಕೆಗಳ ಪಾಲಾಯಿತೆಂದು ನಂಬಲಾಗಿದೆ.

ಇವು ಸ್ವತಂತ್ರ ಪ್ರಭೇದಗಳೇ ಎಂಬ ಪ್ರಶ್ನೆಯೂ ಏಳುವುದುಂಟು. ಅರಾನ್ ಮರಗಳನ್ನು ಸೋರ್ಬಸ್‌ನಿಂದ ಬೇರ್ಪಡಿಸಿ ಇನ್ನೊಂದು ಕುಲಕ್ಕೆ ಸೇರಿಸುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಹೆಸರು ಯಾವುದೇ ಆಗಲಿ, ತಾಯಿ ಮರ ಎಲ್ಲೆಡೆ ಇರುವಾಗ ಮತ್ತೆ ಹುಟ್ಟಿಯಾವು ಎಂದು ಕೈಚೆಲ್ಲುವಂತಿಲ್ಲ. ಹೊಸ ಸಂಕರ ಮತ್ತೊಮ್ಮೆ ಆದೀತು. ಅದು ಹಳೆಯ ಮರವೇ ಆಗಿರುತ್ತದೆಂಬ ಖಾತರಿಯಿಲ್ಲ. ಆದ್ದರಿಂದಲೇ ಸಸಿಗಳ ಸುತ್ತ ಜಿಂಕೆ ದಾಟದ ಬೇಲಿ ಹಾಕುವ ಸರಳ ಕೆಲಸಕ್ಕೆ ಅಲ್ಲಿ ಅಷ್ಟು ಮಹತ್ವ.