ಕೋಶ ಓದುವವರಿಗೆ ದೇಶ ಸುತ್ತುವ ನೆರವು

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರ ಮನಸ್ಸಿನಲ್ಲಿದ್ದ ಕೋಶವು ಗ್ರಂಥ. ಇಂದು ನಮ್ಮ ನಿಮ್ಮ ಮನೆಗಳ ಹಲವು ಮಕ್ಕಳು ಓದುತ್ತಿರುವ ಕೋಶವೇ ಬೇರೆ, ಅದು ಜೀವಕೋಶ. ಬರಿಗಣ್ಣಿಗೆ ಕಾಣದ ಆ ಪುಟ್ಟ ಕೋಣೆಯೊಳಗೆ ಏನು ನಡೆಯುತ್ತದೆ, ಒಂದು ಕೋಶ ಎರಡಾಗುವುದು ಹೇಗೆ, ರೋಗ ಬಂದಾಗ ಅದರ ವ್ಯವಹಾರ ಎಲ್ಲಿ ಕೆಡುತ್ತದೆ ಎಂಬುದನ್ನು ತಿಳಿಯಲು ಅವರು ಹಗಲಿರುಳೆನ್ನದೆ ಸೂಕ್ಷ್ಮದರ್ಶಕದ ಮುಂದೆ ಕುಳಿತಿರುತ್ತಾರೆ. ಆದರೆ ಈ ಕೋಶವನ್ನು ಓದುವವರಿಗೂ ದೇಶ ಸುತ್ತುವುದು ತಪ್ಪಿದ್ದಲ್ಲ. ಆ ಸುತ್ತಾಟ ಏಕೆ ಬೇಕು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಸಂಶೋಧನೆಯಲ್ಲಿ ತೊಡಗಿರುವ ಮಗಳೊಬ್ಬಳು ಮನೆಗೆ ಬಂದು, “ಅಪ್ಪಾ, ಹೊರದೇಶದಲ್ಲಿ ಸಮ್ಮೇಳನವಿದೆ, ಹೋಗಬೇಕು” ಎಂದಳೆನ್ನಿ. ಮನೆಯವರಿಗೆ ಸಂದೇಹ ಬರುವುದು ಸಹಜ. ಕಂಡುಹಿಡಿದದ್ದೆಲ್ಲ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆಯಲ್ಲ? ಕಂಪ್ಯೂಟರಿನ ಪರದೆಯ ಮೇಲೆ ಕುಳಿತಲ್ಲಿಂದಲೇ ಮಾತನಾಡಬಹುದಲ್ಲ? ಇಷ್ಟು ದುಡ್ಡು ಸುರಿದು ಸಮುದ್ರ ದಾಟಬೇಕೆ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದು ಮಾತು ಗಮನಿಸಿರಿ. ಅಚ್ಚಾಗುವುದು ಬಹುಮಟ್ಟಿಗೆ ಗೆದ್ದ ಪ್ರಯೋಗ. ಅದೂ ಅಚ್ಚಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಆ ಗೆಲುವಿಗೆ ಮುಂಚೆ ಹತ್ತು ಸಲ ಏಕೆ ಸೋತಿತು, ದ್ರಾವಣವನ್ನು ಎಷ್ಟು ಬೆಚ್ಚಗಿಡಬೇಕು, ಯಾವ ಹಂತದಲ್ಲಿ ಅವಸರ ಮಾಡಬಾರದು ಎಂಬ ಕೈಗುಣದ ಮಾತುಗಳು ಪತ್ರಿಕೆಯಲ್ಲಿ ಸಿಗುವುದು ಅಪರೂಪ. ಅಡಿಗೆಯ ಪುಸ್ತಕ ಓದಿದವರೆಲ್ಲ ಹೋಳಿಗೆ ತಟ್ಟಲಾರರು. ತಟ್ಟುವವರ ಪಕ್ಕದಲ್ಲಿ ನಿಂತು ನೋಡಬೇಕು. ವಿಜ್ಞಾನದಲ್ಲಿಯೂ ಹಾಗೆಯೇ.

ಸಮ್ಮೇಳನದಲ್ಲಿ ಎಲ್ಲರಿಗೂ ವೇದಿಕೆ ಸಿಗುವುದಿಲ್ಲ. ಹೆಚ್ಚಿನ ಕಿರಿಯರು ತಮ್ಮ ಕೆಲಸವನ್ನು ದೊಡ್ಡದೊಂದು ಹಾಳೆಯ ಮೇಲೆ ಚಿತ್ರ, ನಕ್ಷೆಗಳೊಡನೆ ಬರೆದು, ಸಾಲು ಸಾಲಾಗಿ ನಿಲ್ಲಿಸಿದ ಹಲಗೆಗಳಲ್ಲೊಂದಕ್ಕೆ ಅಂಟಿಸುತ್ತಾರೆ. ಇದಕ್ಕೆ ಪೋಸ್ಟರ್ ಎನ್ನುತ್ತಾರೆ. ನಿಗದಿಯಾದ ಒಂದೆರಡು ಗಂಟೆ ಅದರ ಪಕ್ಕದಲ್ಲಿ ನಿಂತು, ಬಂದವರಿಗೆ ವಿವರಿಸಬೇಕು. ನಮ್ಮ ಸಂತೆಯಲ್ಲಿ ಸರಕು ಹರವಿಕೊಂಡು ಕುಳಿತಂತೆಯೇ ಸರಿ. ಯಾರೋ ಹಿರಿಯರು ನಡೆದುಹೋಗುತ್ತ ನಿಲ್ಲುತ್ತಾರೆ, “ಇದನ್ನು ಹೀಗೇಕೆ ಪರೀಕ್ಷಿಸಲಿಲ್ಲ?” ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಯಿಂದ ಒಂದು ವರ್ಷದ ತಪ್ಪುದಾರಿ ಉಳಿಯಬಹುದು. ಮುಂದಿನ ಉದ್ಯೋಗದ ಬಾಗಿಲೂ ತೆರೆಯಬಹುದು.

ಇಂಥ ಪ್ರಯಾಣಕ್ಕೆ ನೆರವು ಕೊಡುವ ಏರ್ಪಾಡುಗಳಲ್ಲಿ ಬ್ರಿಟನ್ನಿನ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿನ ಜೀವಕೋಶ ವಿಜ್ಞಾನ ಸಂಘವು ತನ್ನ ಕಿರಿಯ ಸದಸ್ಯರಿಗೆ ಕೊಡುವ ಪ್ರಯಾಣ ಪುರಸ್ಕಾರಕ್ಕೆ ಆನರ್ ಫೆಲ್ ಎಂಬ ವಿದುಷಿಯ ಹೆಸರಿದೆ. ಆ ಹೆಸರನ್ನು ಇಟ್ಟುದು ಎಷ್ಟು ಉಚಿತವೆಂಬುದು ಆಕೆಯ ಕಥೆ ಕೇಳಿದರೆ ತಿಳಿಯುತ್ತದೆ.

ಆನರ್ ಫೆಲ್ 1900ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಹುಟ್ಟಿದರು. ಒಂಬತ್ತು ಮಕ್ಕಳಲ್ಲಿ ಕೊನೆಯವರು. ಎಡಿನ್‌ಬರೋದಲ್ಲಿ ಓದುತ್ತಿದ್ದಾಗ, ದೇಹದಿಂದ ಬೇರ್ಪಡಿಸಿದ ಅಂಗಾಂಶವನ್ನು ಗಾಜಿನ ಪಾತ್ರೆಯಲ್ಲಿ ಜೀವಂತವಾಗಿ ಬೆಳೆಸುವ ವಿದ್ಯೆಯನ್ನು ಕಲಿಯಲು ಕೇಂಬ್ರಿಜಿನಲ್ಲಿದ್ದ ಸ್ಟ್ರೇಂಜ್‌ವೇಸ್ ಎಂಬ ವೈದ್ಯರ ಪ್ರಯೋಗಶಾಲೆಗೆ ಹೋದರು. ಕಲಿಯಲು ಹೋದ ಆ ಪಯಣವೇ ಬಾಳಿನ ದಿಕ್ಕನ್ನು ಬದಲಿಸಿತು. 1923ರಲ್ಲಿ ಅವರು ಅಲ್ಲಿಯೇ ಸಹಾಯಕಿಯಾಗಿ ಸೇರಿದರು. 1926ರಲ್ಲಿ ಸ್ಟ್ರೇಂಜ್‌ವೇಸ್ ತೀರಿಕೊಂಡಾಗ ಪ್ರಯೋಗಶಾಲೆಯ ಅಳಿವು ಉಳಿವಿನ ಪ್ರಶ್ನೆ ಎದ್ದಿತು. ಅದು ಉಳಿಯಿತು, 1929ರಲ್ಲಿ ಆಕೆಯೇ ಅದರ ನಿರ್ದೇಶಕಿಯಾದರು. 1970ರವರೆಗೆ ಆ ಹೊಣೆಯನ್ನು ಹೊತ್ತರು.

ಕೋಳಿಯ ಭ್ರೂಣದ ಎಳೆಯ ಎಲುಬನ್ನು ಪುಟ್ಟ ಗಾಜಿನ ಬಟ್ಟಲಲ್ಲಿಟ್ಟು ಅದು ಬೆಳೆಯುವಂತೆ ಮಾಡಿದವರಲ್ಲಿ ಅವರು ಪ್ರಮುಖರು. ಎ ಜೀವಸತ್ವವನ್ನು ಅತಿಯಾಗಿ ಸೇರಿಸಿದರೆ, ಚರ್ಮವಾಗಬೇಕಾದ ಕೋಶಗಳು ಲೋಳೆ ಸುರಿಸುವ ಪೊರೆಯಾಗಿ ಮಾರ್ಪಡುವುದನ್ನು 1953ರಲ್ಲಿ ಎಡ್ವರ್ಡ್ ಮೆಲನ್‌ಬಿ ಅವರೊಡನೆ ತೋರಿಸಿದರು. 1952ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1963ರಲ್ಲಿ ‘ಡೇಮ್’ ಎಂಬ ಬಿರುದು ಅವರಿಗೆ ಬಂದವು. 1986ರಲ್ಲಿ ಕಾಲವಾದರು.

ಇನ್ನು ಹಣದ ಮಾತು. ಈ ಪುರಸ್ಕಾರದ ಹಿಂದೆ ‘ಕಂಪನಿ ಆಫ್ ಬಯಾಲಜಿಸ್ಟ್ಸ್’ ಎಂಬ ಸಂಸ್ಥೆಯಿದೆ. ಕಂಪನಿ ಎಂದೊಡನೆ ಲಾಭದ ವ್ಯಾಪಾರ ನೆನಪಾದೀತು; ಇದು ಹಾಗಲ್ಲ. 1923ರಲ್ಲಿ ಆರಂಭವಾಗಿದ್ದ ಜೀವವಿಜ್ಞಾನದ ಪತ್ರಿಕೆಯೊಂದು ಹಣವಿಲ್ಲದೆ ನಿಲ್ಲುವಂತಾದಾಗ, ಜಾರ್ಜ್ ಪಾರ್ಕರ್ ಬಿಡ್ಡರ್ ಎಂಬ ಪ್ರಾಣಿವಿಜ್ಞಾನಿ ಅದನ್ನು ಉಳಿಸಲು 1925ರಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. 1952ರಿಂದ ಇದು ಧರ್ಮಾರ್ಥ ಸಂಸ್ಥೆ. ಇದು ಹೊರಡಿಸುವ ಪತ್ರಿಕೆಗಳಿಂದ ಉಳಿದ ಹಣ ಯಾರ ಜೇಬಿಗೂ ಹೋಗದೆ, ಸಭೆಗಳಿಗೆ, ಸಂಘಗಳಿಗೆ, ಕಿರಿಯರ ಪ್ರಯಾಣಕ್ಕೆ ಹಿಂತಿರುಗುತ್ತದೆ. ಕೆರೆಯ ನೀರನ್ನು ಕೆರೆಗೇ ಚೆಲ್ಲುವ ಕ್ರಮವಿದು.

ಪುರಸ್ಕಾರ ಪಡೆಯುವ ಬಗೆ ಎಲ್ಲೆಡೆಯೂ ಸುಮಾರಾಗಿ ಒಂದೇ. ಅಭ್ಯರ್ಥಿ ಸಂಘದ ಸದಸ್ಯನಾಗಿರಬೇಕು. ಬರಿದೆ ಕೇಳಲು ಹೋದರೆ ಸಾಲದು. ಪೋಸ್ಟರನ್ನೋ ಭಾಷಣವನ್ನೋ ಒಪ್ಪಿಸುವಂತಿರಬೇಕು. ಕೆಲಸದ ಸಾರಾಂಶ, ಖರ್ಚಿನ ಅಂದಾಜು, ಮಾರ್ಗದರ್ಶಕರ ಪತ್ರ ಇವನ್ನು ಗಡುವಿನೊಳಗೆ ಕಳುಹಿಸಬೇಕು. ಹಿಂತಿರುಗಿದ ಮೇಲೆ ಕಂಡದ್ದು ಕೇಳಿದ್ದನ್ನು ಕುರಿತು ವರದಿ ಬರೆದುಕೊಡಬೇಕಾಗುವುದೂ ಉಂಟು.

ನಮ್ಮ ದೇಶದಲ್ಲಿಯೂ ಜೈವಿಕ ತಂತ್ರಜ್ಞಾನ ಇಲಾಖೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲಾದವು ಇಂಥ ನೆರವು ನೀಡುತ್ತ ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇಂಥ ಕಡೆ ದುಡಿಯುವ ತರುಣರಿಗೆ ಇವುಗಳ ಬೆಲೆ ಗೊತ್ತು. ಒಮ್ಮೊಮ್ಮೆ ಸಮ್ಮೇಳನವೇ ನಮ್ಮ ಬಳಿಗೆ ಬರುವುದೂ ಉಂಟು: 2018ರ ಜನವರಿಯಲ್ಲಿ ಅಂತರರಾಷ್ಟ್ರೀಯ ಜೀವಕೋಶ ವಿಜ್ಞಾನ ಸಮ್ಮೇಳನ ಹೈದರಾಬಾದಿನಲ್ಲಿಯೇ ನಡೆಯಿತು.

ಆದರೆ ಒಂದು ತೊಡಕನ್ನು ಮುಚ್ಚಿಡಬಾರದು. ಪುರಸ್ಕಾರದ ಹಣ ಎಷ್ಟೋ ವೇಳೆ ಪೂರ್ತಿ ಖರ್ಚಿಗೆ ಸಾಲದು. ಮೇಲಾಗಿ, ಮೊದಲು ಕೈಯಿಂದ ಕೊಟ್ಟು, ಬಂದ ಮೇಲೆ ರಸೀದಿ ತೋರಿಸಿ ಪಡೆಯಬೇಕೆಂಬ ನಿಯಮ ಹಲವು ಕಡೆ ಇದೆ. ವಿಮಾನದ ಟಿಕೆಟ್ಟು, ನೋಂದಣಿಯ ಶುಲ್ಕ, ವೀಸಾದ ಶುಲ್ಕ ಎಲ್ಲವೂ ಮುಂಗಡ. ಕೈಯಲ್ಲಿ ಹಣವಿದ್ದವನಿಗೆ ಇದು ಸುಲಭ. ತನ್ನ ವಿದ್ಯಾರ್ಥಿವೇತನದಲ್ಲಿ ಊರಿಗೂ ಒಂದಿಷ್ಟು ಕಳುಹಿಸುವ ಹುಡುಗ ಅರ್ಜಿ ಹಾಕುವ ಮೊದಲೇ ಹಿಂದೆಗೆಯುತ್ತಾನೆ. ನೆರವು ಯಾರಿಗಾಗಿ ಹುಟ್ಟಿತೋ ಅವರ ಕೈಗೇ ಎಟುಕದಿದ್ದರೆ ಹೇಗೆ? ಹಣವನ್ನು ಮುಂಚಿತವಾಗಿಯೇ ಕೊಡುವ ಪದ್ಧತಿ ಹೆಚ್ಚಿದಷ್ಟೂ ಒಳಿತು. ಎಳೆಗೂಸಿರುವ ತಾಯಂದಿರಿಗೆ ಮಗುವಿನ ಆರೈಕೆಯ ಖರ್ಚನ್ನೂ ಕೆಲವು ಸಂಘಗಳು ಕೊಡತೊಡಗಿರುವುದು ಸಮಾಧಾನದ ಸಂಗತಿ.

ಆದುದರಿಂದ, ನಿಮ್ಮ ಮನೆಯಲ್ಲಿ ಇಂಥ ಸಂಶೋಧಕರಿದ್ದರೆ ಒಂದು ಸಣ್ಣ ವಿಚಾರಣೆ ಮಾಡಿರಿ. ಪಾಸ್‌ಪೋರ್ಟ್ ಸಿದ್ಧವಾಗಿದೆಯೆ? ಅರ್ಜಿಯ ಗಡುವು ಎಂದು? ಹಣ ಮುಂಚೆ ಬರುವುದೋ, ಆಮೇಲೋ? ಆಮೇಲೆ ಬರುವುದಾದರೆ ಸಂಸ್ಥೆಯಿಂದ ಮುಂಗಡ ಸಿಕ್ಕೀತೆ? ಈ ನಾಲ್ಕು ಪ್ರಶ್ನೆಗಳನ್ನು ಆರು ತಿಂಗಳ ಮುಂಚೆ ಕೇಳಿದರೆ ಕೊನೆಯ ವಾರದ ಪರದಾಟ ಬಹಳಷ್ಟು ತಪ್ಪುತ್ತದೆ. ಒಂದು ಬೇಸಗೆಯಲ್ಲಿ ಆಕೆ ಸೂಟ್‌ಕೇಸಿನ ಜೊತೆಗೆ ಸುರುಳಿ ಸುತ್ತಿದ ಪೋಸ್ಟರನ್ನು ಕಂಕುಳಲ್ಲಿ ಇರಿಸಿಕೊಂಡು ಹೊಸ್ತಿಲು ದಾಟಿದಾಗ, ಅದು ವಿಹಾರಕ್ಕೆ ಹೊರಟ ಸವಾರಿಯಲ್ಲ, ಕೆಲಸದ ಮುಂದಿನ ಹೆಜ್ಜೆ ಎಂದು ನಿಮಗೆ ತಿಳಿದಿರುತ್ತದೆ.